ಎಲೆಯ ಬಣ್ಣ ಕಾಣದ ಚಾಲಕ

ನನ್ನ ತಂಗಿಯ ಗಂಡ ರಾಯ್ಸ್ ಟ್ಯಾಟ್ರೊ ಕರುಣೆಯಿಲ್ಲದ ಮನುಷ್ಯ. ಕ್ರೂರಿ ಎನ್ನುತ್ತಿಲ್ಲ; ಕ್ರೂರಿಗೆ ಎದುರಿನವರ ನೋವಿನಲ್ಲಿ ಒಂದಿಷ್ಟು ಆಸಕ್ತಿಯಾದರೂ ಇರುತ್ತದೆ. ರಾಯ್ಸ್‌ಗೆ ಅದೂ ಇಲ್ಲ. ಅವನು ನಿಜ ಹೇಳುತ್ತಾನೆ, ಅಷ್ಟೆ. ಊರಿನವರು ಅದನ್ನು ದೊಡ್ಡ ಗುಣವೆಂದು ಹೊಗಳುತ್ತಾರೆ. ನಾನು ಹೊಗಳುವುದಿಲ್ಲ. ಸುಳ್ಳು ಹೇಳಬೇಕಾದರೆ ಎದುರಿಗೆ ಕೂತವರ ಮನಸ್ಸಿನಲ್ಲಿ ಏನಿದೆಯೆಂದು ಒಂದು ಗಳಿಗೆ ಯೋಚಿಸಬೇಕಾಗುತ್ತದೆ. ರಾಯ್ಸ್ ಆ ಶ್ರಮ ತೆಗೆದುಕೊಳ್ಳುವವನಲ್ಲ. ಅವನ ಸತ್ಯವಂತಿಕೆ ಒಂದು ಬಗೆಯ ಸೋಮಾರಿತನ.

ನಮ್ಮ ಊರು ಹಾರ್ಲೋ ಫಾಲ್ಸ್, ನ್ಯೂ ಹ್ಯಾಂಪ್‌ಷೈರಿನ ದಕ್ಷಿಣದ ಅಂಚಿನಲ್ಲಿದೆ. ಹೊಳೆಯ ಈಚೆ ಉಣ್ಣೆಯ ಗಿರಣಿ, ಆಚೆ ಕೆನಡಾದಿಂದ ಬಂದ ಫ್ರೆಂಚರ ಕೇರಿ. ರಾಯ್ಸ್ ಹುಟ್ಟಿದ್ದು ಆಚೆ ದಡದಲ್ಲಿ. ಅವನ ಅಪ್ಪ ಗಿರಣಿಯಲ್ಲಿ ನೂಲಿಗೆ ಬಣ್ಣ ಹಾಕುವ ಕೆಲಸದಲ್ಲಿದ್ದ. ಆಯಾ ದಿನದ ಬಣ್ಣವನ್ನು ಮೊಣಕೈವರೆಗೆ ಮೆತ್ತಿಕೊಂಡೇ ಮನೆಗೆ ಬರುತ್ತಿದ್ದ. ಅಂಥವನ ಮಗನಿಗೆ ಕೆಂಪು, ಹಸಿರು ಎರಡೂ ಒಂದೇ ಆಗಿ ಕಾಣುತ್ತವೆಂಬುದು ಗೊತ್ತಾದದ್ದು ಟೊಮೇಟೊ ಗಿಡದ ಹತ್ತಿರ. ಹಣ್ಣು ಕಿತ್ತು ತಾ ಎಂದು ತಾಯಿ ಕಳಿಸಿದರೆ ಹುಡುಗ ಕಾಯಿಗಳನ್ನು ಕಿತ್ತು ತಂದ. ಏಟು ತಿಂದು ಮತ್ತೆ ಹೋದ, ಮತ್ತೆ ಕಾಯಿಗಳನ್ನೇ ತಂದ.

ಹದಿನೆಂಟು ತುಂಬಿದಾಗ ರೈಲ್ವೆಯ ಕೆಲಸಕ್ಕೆ ಅರ್ಜಿ ಹಾಕಿದ್ದನಂತೆ. ಅಲ್ಲಿ ಒಂದು ಪೆಟ್ಟಿಗೆಯ ತುಂಬ ಬಣ್ಣದ ಉಣ್ಣೆಯ ಎಳೆಗಳನ್ನಿಟ್ಟು, ಬಣ್ಣಕ್ಕೆ ಬಣ್ಣ ಹೊಂದಿಸು ಎನ್ನುತ್ತಿದ್ದರು. ಪರೀಕ್ಷೆ ಮುಗಿಸಿ ಹೊರಗೆ ಬಂದ ಹುಡುಗನೊಬ್ಬ, ಎಡಗಡೆಯಿಂದ ಇಷ್ಟನೆಯದು ಕೆಂಪು, ಇಷ್ಟನೆಯದು ಹಸಿರು ಎಂದು ಕಿವಿಯಲ್ಲಿ ಹೇಳಿಯೂ ಇದ್ದ. ರಾಯ್ಸ್ ಒಳಗೆ ಹೋದವನು ಪೆಟ್ಟಿಗೆ ತೆರೆಯುವ ಮೊದಲೇ, ನನಗೆ ಇವು ಬೇರೆ ಬೇರೆಯಾಗಿ ಕಾಣುವುದಿಲ್ಲ ಎಂದುಬಿಟ್ಟ. ಅಲ್ಲಿಗೆ ರೈಲು ಮುಗಿಯಿತು. ಊರಿನ ನೀರು ಸರಬರಾಜಿನಲ್ಲಿ ಕೆಲಸಕ್ಕೆ ಸೇರಿ, ಜನವರಿಯ ಹಿಮದಲ್ಲಿ ನೆಲ ಅಗೆದು ಒಡೆದ ಪೈಪುಗಳನ್ನು ಸರಿ ಮಾಡುತ್ತ ನಿವೃತ್ತನಾದ. ಆ ಕೆಲಸದಲ್ಲಿ ಒಳ್ಳೆಯ ಹೆಸರೇ ಇತ್ತು. ಆದರೆ ಪಾದ್ರಿಯ ಮಗಳ ಮದುವೆಯ ಊಟದಲ್ಲಿ, ನೆಂಟರೆಲ್ಲ ನೀರಿನ ಲೋಟ ಎತ್ತುತ್ತಿರುವಾಗ, ಪಾದ್ರಿಯ ಮನೆಯ ಪಾಯಿಖಾನೆಯ ಗುಂಡಿ ಬಾವಿಗೆ ಸೋರುತ್ತಿದೆ ಎಂದು ತಿಳಿಸಿದವನೂ ಅವನೇ. ಯಾರೋ, ನೀರು ಎಷ್ಟು ರುಚಿಯಾಗಿದೆ ಎಂದರಂತೆ. ಅದಕ್ಕೆ ಹೇಳಿದನಂತೆ.

ನನ್ನ ತಂಗಿ ಲೋರ್ನಾಳನ್ನು ಮದುವೆಯಾಗೆಂದು ಕೇಳಿದ ರೀತಿಯೂ ಹಾಗೆಯೇ. "ನಿನಗಿಂತ ಚೆನ್ನಾಗಿರೋರು ಊರಲ್ಲಿ ಇದಾರೆ. ಆದ್ರೆ ನಿನ್ ಜೊತೆ ಇದ್ರೆ ನಂಗೆ ಬೇಜಾರಾಗಲ್ಲ" ಎಂದಿದ್ದ. ಅವಳು ಇದನ್ನು ಜನ್ಮದಲ್ಲಿ ಸಿಕ್ಕ ದೊಡ್ಡ ಹೊಗಳಿಕೆಯೆಂಬಂತೆ ಹತ್ತಾರು ವರ್ಷ ಎಲ್ಲರಿಗೂ ಹೇಳಿಕೊಂಡು ನಕ್ಕಳು. ತಂಗಿಯ ರುಚಿಯ ಬಗ್ಗೆ ನಾನು ಹೇಳುವುದೇನೂ ಇಲ್ಲ.

ನಾನು ಹೇಳಬೇಕಾದದ್ದು ನಮ್ಮಪ್ಪನ ಸಾವಿನ ಬಗ್ಗೆ. ಅಪ್ಪ, ಆಲ್ಡನ್ ಕೋಲ್‌ಬರ್ನ್, ಆಸ್ಪತ್ರೆಯಲ್ಲಿ ಮಲಗಿದ್ದಾಗ ದಾದಿಯರು, ಅಮ್ಮ, ಲೋರ್ನಾ, ನಾನು ಎಲ್ಲರೂ ಒಂದೇ ಮಾತು ಹೇಳುತ್ತಿದ್ದೆವು: ಸುಗ್ಗಿಯ ಹಬ್ಬದ ಊಟಕ್ಕೆ ಮನೆಗೆ ಬಂದುಬಿಡುತ್ತೀರಿ ಎಂದು. ಒಂದು ಮಧ್ಯಾಹ್ನ ಅಪ್ಪ ರಾಯ್ಸ್‌ನನ್ನು ಕೇಳಿದರು. ರಾಯ್ಸ್, ಇಲ್ಲ, ನೀವು ಬರುವುದಿಲ್ಲ ಎಂದ. ಅಪ್ಪ ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದವರು ಸಂಜೆಯವರೆಗೆ ಯಾರ ಜೊತೆಗೂ ಮಾತಾಡಲಿಲ್ಲ. ನಾನು ಮುಂದಿನ ವಸಂತದವರೆಗೆ ರಾಯ್ಸ್‌ನ ಜೊತೆ ಮಾತಾಡಲಿಲ್ಲ. ಅವನು ಅದನ್ನು ಗಮನಿಸಿದನೋ ಇಲ್ಲವೋ, ಗೊತ್ತಿಲ್ಲ.

ಚಳಿಗಾಲಕ್ಕೆ ಉದುರುವ ಮೊದಲು ಕೆಂಪು, ಹಳದಿಗೆ ತಿರುಗುವ ಎಲೆ ನೋಡಲು ಹೋಗುವ ಪದ್ಧತಿ ಅಪ್ಪ ಹಾಕಿದ್ದು. ಗಿರಣಿಗೆ ಅಕ್ಟೋಬರಿನಲ್ಲಿ ಕೊಲಂಬಸನ ಹೆಸರಿನ ರಜೆ ಬರುತ್ತಿತ್ತು. ಆ ವಾರದ ಶನಿವಾರ ಕೋಲ್‌ಬರ್ನ್ ಮನೆಯವರೆಲ್ಲ ಕಾರು ಹತ್ತಿ ಉತ್ತರದ ಬೆಟ್ಟಗಳಿಗೆ ಹೋಗುವುದು. ಎಲೆ ಯಾವ ವಾರ ಕೆಂಪಾಗುತ್ತದೆಂಬುದು ಚಳಿಗೂ ಮಳೆಗೂ ಬಿಟ್ಟದ್ದು. ಅಪ್ಪ ಅದನ್ನು ಒಪ್ಪುತ್ತಿರಲಿಲ್ಲ. ದುಡಿಯುವವರಿಗೆ ರಜೆ ಇರುವುದು ಆ ಶನಿವಾರ, ಎಲೆಗಳು ಹೊಂದಿಕೊಳ್ಳಲಿ ಎನ್ನುತ್ತಿದ್ದರು. ಗಿರಣಿ ಮುಚ್ಚಿ ಎಷ್ಟೋ ಕಾಲವಾಗಿದೆ. ನಾವು ಈಗಲೂ ಅದೇ ಶನಿವಾರ ಹೋಗುತ್ತೇವೆ. ಬಾಸ್ಟನ್ನಿನ ಕಾರುಗಳು ರಸ್ತೆ ತುಂಬುವ ಮೊದಲೇ ಘಟ್ಟ ಹತ್ತಬೇಕೆಂದು ನಸುಕಿಗೆ ಮುಂಚೆ ಹೊರಡುತ್ತೇವೆ. ಹೀಗಾಗಿ ನಮ್ಮ ಊರಿನ ಹಿಂದಿನ ಮೇಪಲ್ ಮರಗಳ ಗುಡ್ಡವನ್ನು ಪ್ರತಿ ವರ್ಷವೂ ಕತ್ತಲಲ್ಲಿ ದಾಟುತ್ತೇವೆ.

ರಾಯ್ಸ್ ಅಳಿಯನಾಗಿ ಬಂದ ವರ್ಷವೇ ಅಪ್ಪ ಕಾರಿನ ಬೀಗದ ಕೈಯನ್ನು ಅವನಿಗೆ ಕೊಟ್ಟರು. ಎಲೆ ಕಾಣದವನು ರಸ್ತೆ ನೋಡಲಿ, ಕಾಣುವವರು ಎಲೆ ನೋಡಲಿ ಎಂಬುದು ಅವರ ಲೆಕ್ಕ. ನಮ್ಮ ಮನೆಯಲ್ಲಿ ಇದು ಯಾರಿಗೂ ವಿಚಿತ್ರವೆನಿಸಲಿಲ್ಲ. ಪ್ರತಿ ವರ್ಷ ಘಟ್ಟದ ಮೇಲೆ ಯಾರಾದರೂ, ಹೇಗಿದೆ ರಾಯ್ಸ್ ಬೆಟ್ಟ ಎಂದು ಕೆಣಕುವುದು, ಅವನು, ಒಣಹುಲ್ಲಿನ ಮೆದೆ ಇದ್ದಂಗಿದೆ ಎನ್ನುವುದು, ಎಲ್ಲರೂ ನಗುವುದು. ಅವನು ನಗುತ್ತಿರಲಿಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದ.

ಈ ವರ್ಷ ಹೋಗುವುದೇ ಬೇಡವೆಂದು ನಾನು ಹೇಳಿದ್ದೆ. ಅಮ್ಮನಿಗೆ ತೊಂಬತ್ತು ದಾಟಿದೆ. ಕಣ್ಣಿನ ನೋಟದ ನಡುಭಾಗ ಹೋಗಿದೆ. ಅಂಚಿನಲ್ಲಿ ಬೆಳಕು, ನೆರಳು ಕಾಣುತ್ತವೆ, ಮುಖ ಕಾಣುವುದಿಲ್ಲ. ನೆನಪು ಕಣ್ಣಿಗಿಂತ ಮೊದಲೇ ಹೋಯಿತು. ಅವಳು ಲೋರ್ನಾಳ ಮನೆಯಲ್ಲಿದ್ದಾಳೆ. ರಾತ್ರಿ ಎದ್ದು ಓಡಾಡುತ್ತಾಳೆ, ಬಾಗಿಲು ತೆಗೆಯುತ್ತಾಳೆ, ಹಗಲು ಕೇಳಿದ್ದನ್ನೇ ಕೇಳುತ್ತಾಳೆ. ಉತ್ತರ ಬರದಿದ್ದರೆ ಅವಳ ದನಿ ಏರುತ್ತದೆ, ಏರಿ ಏರಿ ಅಳುವಾಗುತ್ತದೆ. ಆ ಅಳು ಶುರುವಾದರೆ ಲೋರ್ನಾ ಬಂದು ಕೈ ಹಿಡಿದು ಕೂರುವವರೆಗೆ ನಿಲ್ಲುವುದಿಲ್ಲ. ಲೋರ್ನಾಳಿಗೂ ಅರವತ್ತು ದಾಟಿದೆ. ಬೇಸಿಗೆಯಿಂದೀಚೆಗೆ ಅವಳು ಒಂದು ರಾತ್ರಿಯೂ ಪೂರ್ತಿ ಮಲಗಿಲ್ಲ. ಸೆಪ್ಟೆಂಬರಿನಲ್ಲಿ ಒಲೆಯ ಮುಂದೆ ನಿಂತಲ್ಲೇ ನಿದ್ದೆ ಹೋಗಿ ಅಂಗೈ ಸುಟ್ಟುಕೊಂಡಳು. ಅಮ್ಮನನ್ನು ಜಿಲ್ಲೆಯ ವೃದ್ಧಾಶ್ರಮಕ್ಕೆ ಸೇರಿಸಿಬಿಡೋಣ, ಅವರಿಗೆ ಎಲ್ಲಿದ್ದೇನೆಂಬುದೂ ಗೊತ್ತಾಗುವುದಿಲ್ಲ ಎಂದು ರಾಯ್ಸ್ ಊಟದ ಮೇಜಿನಲ್ಲಿ ಹೇಳಿದ. ಅಮ್ಮ ಪಕ್ಕದಲ್ಲೇ ಕೂತಿದ್ದಳು.

"ಅಕ್ಕ, ನಂಗೆ ಎಲೆ ಗಿಲೆ ಏನೂ ಬೇಡ" ಎಂದು ಲೋರ್ನಾ ನನಗೆ ಫೋನಿನಲ್ಲಿ ಹೇಳಿದಳು. "ಕಾರು ಓಡ್ತಿರುತ್ತಲ್ಲ, ಅದ್ರಲ್ಲಿ ಕೂತು ಮಲಗಬೇಕು. ಒಂದು ದಿನ ನನ್ನ ಯಾರೂ ಏನೂ ಕೇಳಬಾರದು. ಒಂದೇ ದಿನ." ಆ ದನಿ ನನಗೆ ಹಿಡಿಸಲಿಲ್ಲ, ಅದರಲ್ಲಿ ದೂರೂ ಇರಲಿಲ್ಲ, ಅಷ್ಟು ಸುಸ್ತಾಗಿತ್ತು. ಅಮ್ಮನನ್ನು ಹಿಂದಿನ ಸೀಟಿನಲ್ಲಿ ನಾನು ನೋಡಿಕೊಳ್ಳುತ್ತೇನೆ, ಅವಳ ಪ್ರಶ್ನೆಗಳೆಲ್ಲ ನನ್ನ ಪಾಲು ಎಂದು ಒಪ್ಪಿಕೊಂಡು, ಹಿಂದಿನ ದಿನವೇ ಬಸ್ಸಿನಲ್ಲಿ ಹಾರ್ಲೋ ಫಾಲ್ಸಿಗೆ ಬಂದೆ.

ಬಂದ ಸಂಜೆಯೇ ಅಡುಗೆಮನೆಯಲ್ಲಿ ಜಗಳ. ಅಮ್ಮ ಕಿಟಕಿಯ ಹತ್ತಿರ ಕೂತು, ಆಲ್ಡನ್ ಎಲ್ಲಿ ಎಂದು ಕೇಳಿದ್ದಾಳೆ. ರಾಯ್ಸ್ ಯಾವಾಗಲೂ ಹೇಳುವುದನ್ನೇ ಹೇಳಿದ್ದಾನೆ: "ಅವರು ತೀರಿಕೊಂಡು ಹನ್ನೊಂದು ವರ್ಷ ಆಯ್ತು, ಮಿಸೆಸ್ ಕೋಲ್‌ಬರ್ನ್." ಅಷ್ಟು ವರ್ಷ ಅಳಿಯನಾಗಿದ್ದರೂ ಅವನು ಅವಳನ್ನು ಕರೆಯುವುದು ಹಾಗೆಯೇ. ಅಮ್ಮನಿಗೆ ಪ್ರತಿ ಸಲವೂ ಅದು ಹೊಸ ಸುದ್ದಿ. ಪ್ರತಿ ಸಲವೂ ಅವಳು ಅಲ್ಲೇ, ಆಗಲೇ ವಿಧವೆಯಾಗುತ್ತಾಳೆ. ಅವಳನ್ನು ಸಮಾಧಾನ ಮಾಡಿ ಮಲಗಿಸಿ ಲೋರ್ನಾ ಕೆಳಗಿಳಿದು ಬಂದಾಗ ಅವಳ ಮುಖ ಬೂದಿಯಾಗಿತ್ತು.

"ಪೇಟೆಗೆ ಹೋಗಿದಾರೆ ಅಂದ್ರೆ ನಿನ್ ಗಂಟೇನು ಹೋಗತ್ತೆ?"

"ಹೋಗಿಲ್ವಲ್ಲ."

"ಹೋಗಿಲ್ಲ ಅಂತ ನಂಗೂ ಗೊತ್ತು ಕಣೋ. ನಾನೇ ಮಣ್ಣು ಹಾಕಿದೀನಿ."

"ಮತ್ತೆ?"

ಲೋರ್ನಾ ಗೋಡೆಗೆ ಒರಗಿಕೊಂಡಳು. ಸುಟ್ಟ ಅಂಗೈಯ ಪಟ್ಟಿಯನ್ನು ಮತ್ತೊಂದು ಕೈಯಿಂದ ಒತ್ತಿಕೊಳ್ಳುತ್ತ, ನಾಳೆ ಒಂದು ದಿನ ಅಮ್ಮ ಕೇಳಿದ್ದಕ್ಕೆ ನೀನು ಏನೂ ಹೇಳಬೇಡ, ಅಷ್ಟಾದರೂ ಮಾಡು ಎಂದಳು. ರಾಯ್ಸ್ ಅದನ್ನು ಯೋಚಿಸಿದ. ಅವನು ಯೋಚಿಸುವಾಗ ಕೆಳದವಡೆ ಒಂದು ಪಕ್ಕಕ್ಕೆ ಹೋಗುತ್ತದೆ. "ಸುಳ್ಳು ಹೇಳಲ್ಲ. ಬಾಯಿ ಮುಚ್ಕೊಂಡಿರ್ತೀನಿ" ಎಂದು ಒಪ್ಪಿಕೊಂಡ. ಒಪ್ಪಿದರೆ ಅವನು ತಪ್ಪುವವನಲ್ಲ. ಅದನ್ನು ನಾನೂ ಬಲ್ಲೆ.

ಕತ್ತಲಲ್ಲಿ ಹೊರಟೆವು. ರಾಯ್ಸ್ ಕಾರು ಓಡಿಸುತ್ತಿದ್ದ, ಅವನ ಪಕ್ಕದಲ್ಲಿ ದಿಂಬು ಹಿಡಿದು ಲೋರ್ನಾ, ಹಿಂದೆ ನಾನು ಮತ್ತು ಅಮ್ಮ. ಊರು ದಾಟುವ ಮೊದಲೇ ಅಮ್ಮ ಶುರು ಮಾಡಿದಳು. ಇದು ಯಾರ ಕಾರು? ಎಲ್ಲಿಗೆ ಹೋಗುತ್ತಿದ್ದೇವೆ? ನಾನು ಹೇಳಿದೆ. ಎಲೆ ಕೆಂಪಾಗಿವೆಯಾ? ಇನ್ನೂ ಕತ್ತಲು ಅಮ್ಮ, ಕಾಣುವುದಿಲ್ಲ ಎಂದೆ. ಬೆಳಗಾಯಿತು. ಎಲೆ ಕೆಂಪಾಗಿವೆಯಾ? ನೋಡಿದ್ದನ್ನು ನೋಡಿದಂತೆ ಹೇಳಿದೆ: ರಸ್ತೆಯ ಬದಿಯ ಬರ್ಚ್ ಹಳದಿಯಾಗಿದೆ, ಓಕ್ ಇನ್ನೂ ಹಸಿರು, ಮೇಪಲ್ ಅರ್ಧ ಉದುರಿದೆ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದ ನನ್ನ ದನಿ ಅಮ್ಮನಿಗೆ ಎಂದೂ ಹಿಡಿಸಿದ್ದಲ್ಲ.

"ನಿನ್ನ ಯಾರು ಕೇಳಿದ್ರು? ಲೋರ್ನಾ ಹೇಳ್ಲಿ. ಲೋರ್ನಾ, ಕೆಂಪಗಿದಾವೇನೇ?"

ಮುಂದಿನ ಸೀಟಿನಲ್ಲಿ ದಿಂಬಿನ ಮೇಲಿದ್ದ ತಲೆ ಎದ್ದಿತು. "ಕೆಂಪಗಿದಾವಮ್ಮ. ಬೆಂಕಿ ಬಿದ್ದಂಗಿದೆ." ತಲೆ ಮತ್ತೆ ದಿಂಬಿಗೆ ಬಿತ್ತು. ಎರಡು ತಿರುವು ದಾಟುವುದರೊಳಗೆ ಅದೇ ಪ್ರಶ್ನೆ, ಅದೇ ತಲೆ, ಅದೇ ಉತ್ತರ. ನಾನು ಅಮ್ಮನ ಕೈ ಹಿಡಿದೆ, ಹಾಡಿಸಲು ನೋಡಿದೆ, ಬೈದೆ ಕೂಡ. ಅವಳು ಮುಂದಿನ ಸೀಟಿನ ಬೆನ್ನನ್ನು ಮುಷ್ಟಿಯಿಂದ ಬಡಿಯತೊಡಗಿದಳು. ನಾನು ಒಪ್ಪಿಕೊಂಡದ್ದು ನನ್ನ ಕೈಯಲ್ಲಿ ಆಗುವ ಕೆಲಸವಾಗಿರಲಿಲ್ಲ.

ರಾಯ್ಸ್ ಬಾಯಿ ಬಿಡಲಿಲ್ಲ. ಘಟ್ಟದ ಬುಡದಲ್ಲಿ ಮಾತ್ರ, ಮುಂದೆ ಕಣ್ಣು ಹಾಯುವಷ್ಟು ದೂರ ಕಾರುಗಳು ನಿಂತದ್ದನ್ನು ಕಂಡು, "ಎಲೆ ನೋಡಕ್ಕೆ ಇಷ್ಟು ಜನ ಬರ್ತಾರೆ. ಗುಡಿಸಕ್ಕೆ ಒಬ್ಬನೂ ಬರಲ್ಲ" ಎಂದ. ಅದು ಅಮ್ಮನಿಗೆ ಹೇಳಿದ್ದಲ್ಲವಾದ್ದರಿಂದ ಮಾತು ತಪ್ಪಿದಂತಾಗಲಿಲ್ಲ.

ಮೇಲೆ ಹೋದಾಗ ಎಲೆಗಳೇ ಇರಲಿಲ್ಲ. ಬುಧವಾರದ ಗಾಳಿಮಳೆ ಇಡೀ ಕಣಿವೆಯನ್ನು ಬೋಳಿಸಿತ್ತು. ಬೆಟ್ಟದ ತುದಿಯಿಂದ ಹೊಳೆಯವರೆಗೆ ಬೂದು ಕೊಂಬೆಗಳು, ನಡುನಡುವೆ ಪೈನಿನ ಕಪ್ಪು. ಕಾರುಗಳಿಂದ ಇಳಿದ ಜನ ಕ್ಯಾಮೆರಾ ಹಿಡಿದು ಸುತ್ತ ನೋಡುತ್ತಿದ್ದರು. ಇಷ್ಟು ದೂರ ಬಂದಿದ್ದೇವಲ್ಲ ಎಂದು ಬೋಳು ಮರಗಳ ಮುಂದೆಯೇ ಮಕ್ಕಳನ್ನು ನಿಲ್ಲಿಸಿ ಫೋಟೊ ತೆಗೆದರು. ರಸ್ತೆಬದಿಯಲ್ಲಿ ಸೇಬಿನ ರಸ, ಡೋನಟ್ ಮಾರುತ್ತಿದ್ದ ಹೆಂಗಸು ನಮ್ಮನ್ನು ನೋಡಿ, ತಡಮಾಡಿದಿರಿ, ಬಣ್ಣವೆಲ್ಲ ಈಗ ದಕ್ಷಿಣಕ್ಕೆ ಇಳಿದಿದೆ, ಹಾರ್ಲೋ ಫಾಲ್ಸ್ ಕಡೆ ಹೋಗಿ, ಅಲ್ಲಿನ ಗುಡ್ಡ ನೋಡಲು ಎರಡು ಕಣ್ಣು ಸಾಲದಂತೆ ಎಂದಳು. ನಾವು ಅಲ್ಲಿಂದಲೇ ಬಂದದ್ದೆಂದು ನಾನು ಹೇಳಿದೆ. ಅವಳು ನಗಲು ಬಾಯಿ ತೆರೆದವಳು ಲೋರ್ನಾಳ ಮುಖ ನೋಡಿ ಒಂದು ಡೋನಟ್ ಹೆಚ್ಚಿಗೆ ಹಾಕಿದಳು.

ಹೊಳೆಯ ದಂಡೆಯ ಮರದ ಮೇಜಿನಲ್ಲಿ ಊಟ ಬಿಚ್ಚಿದೆವು. ಪ್ರತಿ ವರ್ಷದಂತೆ, ಕಾಕಂಬಿಯಲ್ಲಿ ಬೇಯಿಸಿದ ಬೀನ್ಸ್ ಕಾಳನ್ನು ತಣ್ಣಗೆ ಬ್ರೆಡ್ಡಿನ ನಡುವೆ ಒತ್ತಿದ್ದು. ಅಮ್ಮನಿಗೆ ಲೋರ್ನಾ ತುಂಡು ಮಾಡಿ ತಿನ್ನಿಸಿದಳು. ಅವಳ ಪಾಲಿನದು ಕಾಗದದಲ್ಲೇ ಉಳಿಯಿತು. ಅಮ್ಮ ಎದುರಿಗೆ ಕೂತ ನೆರಳನ್ನು ಕಣ್ಣಂಚಿನಿಂದ ಅಳೆಯುತ್ತ, ನೀವು ಯಾರು ಎಂದು ಕೇಳಿದಳು. ಇದಕ್ಕೆ ಉತ್ತರ ಹೇಳಬಹುದೇ ಎಂಬಂತೆ ರಾಯ್ಸ್ ಹೆಂಡತಿಯ ಕಡೆ ನೋಡಿದ. ಅವಳು ತಲೆಯಾಡಿಸಿದಳು.

"ರಾಯ್ಸ್ ಟ್ಯಾಟ್ರೊ. ಲೋರ್ನಾ ಗಂಡ."

"ಏನ್ ಹುಡುಗಾಟನಾ? ಲೋರ್ನಾ ಇನ್ನೂ ಸ್ಕೂಲಿಗೆ ಹೋಗ್ತಾಳೆ. ನಿಮ್ಮ ವಯಸ್ಸೇನು, ಅವಳ ವಯಸ್ಸೇನು? ನಾಚಿಕೆ ಆಗಲ್ವಾ?"

ಲೋರ್ನಾ ನಕ್ಕಳು. ಆ ದಿನ ಅವಳು ನಕ್ಕದ್ದು ಅದೊಂದೇ ಸಲ, ಅದೂ ಅರ್ಧಕ್ಕೆ ನಿಂತಿತು, ಏಕೆಂದರೆ ಅಮ್ಮ ಕೂಡಲೇ, ಆಲ್ಡನ್ ಎಲ್ಲಿ, ಅವನಿಗೆ ಹೇಳುತ್ತೇನೆ ತಾಳಿ ಎಂದಳು. ನಾವಿಬ್ಬರೂ ರಾಯ್ಸ್‌ನನ್ನು ನೋಡಿದೆವು. ಅವನು ಬಾಯಲ್ಲಿದ್ದದ್ದನ್ನು ನುಂಗಿ, ಎದ್ದು, ಕಾರಿನ ಹತ್ತಿರ ಹೋಗಿ ಬಗ್ಗಿ ಟೈರುಗಳನ್ನು ನೋಡುತ್ತ ನಿಂತ. ಟೈರುಗಳಿಗೆ ಏನೂ ಆಗಿರಲಿಲ್ಲ. ಅಪ್ಪ ಪೇಟೆಗೆ ಹೋಗಿದ್ದಾರೆ ಎಂದು ಲೋರ್ನಾ ಹೇಳಿದಳು. ಯಾವ ಪೇಟೆಗೆ, ಯಾಕೆ, ನನಗೆ ಹೇಳದೆ ಹೇಗೆ ಹೋದ? ಒಂದಾದ ಮೇಲೊಂದು ಎಲ್ಲಕ್ಕೂ ಲೋರ್ನಾ ಉತ್ತರ ಕಟ್ಟಿದಳು. ಕಟ್ಟುತ್ತ ಕಟ್ಟುತ್ತ ಮಧ್ಯದಲ್ಲಿ ಒಂದು ಸಲ ಮಾತು ಮರೆತು, ಬಾಯಿ ತೆರೆದುಕೊಂಡೇ ಹೊಳೆಯನ್ನು ನೋಡುತ್ತ ಕೂತುಬಿಟ್ಟಳು.

ಹೊರಡುವಾಗ ಅಮ್ಮ ಕಾರು ಹತ್ತಲು ಒಪ್ಪಲಿಲ್ಲ. ಹಿಂದಿನ ಬಾಗಿಲು ಹಿಡಿದುಕೊಂಡು ನಿಂತಳು. ಹಿಂದೆ ಕೂರುವುದು ಮಕ್ಕಳು, ನಾನಲ್ಲ ಎಂದಳು. ಲೋರ್ನಾ ಬೇಡಿದಳು, ನಾನು ತೋಳು ಹಿಡಿದೆ. ಹಿಂದೆ ನಿಂತ ಕಾರಿನವರು ನಮ್ಮ ಜಾಗಕ್ಕಾಗಿ ಕಾಯುತ್ತಿದ್ದರು. ಒಬ್ಬ ಹಾರ್ನ್ ಕೂಡ ಮಾಡಿದ. ಕೊನೆಗೆ ಲೋರ್ನಾ ತೆರೆದ ಬಾಗಿಲಿನ ಅಂಚಿನಲ್ಲಿ ಕೂತು, ಅಕ್ಕ, ನನ್ನ ಕೈಲಾಗಲ್ಲ ಎಂದಳು. ಸೋಮವಾರ ಆ ಆಶ್ರಮಕ್ಕೆ ಫೋನ್ ಮಾಡಿಬಿಡು ಎಂದಳು. ಅವಳಿಗೆ ಅಳಲೂ ಶಕ್ತಿ ಇರಲಿಲ್ಲ. ನಾನು ಆಗಲಿ ಎಂದೆ. ಆಶ್ರಮದ ಬಗ್ಗೆ ರಾಯ್ಸ್ ಹೇಳಿದ್ದು ಸರಿಯೆಂದು ಗೊತ್ತಿದ್ದೂ ಆ ಹೊತ್ತಿನಲ್ಲಿ ಅವನ ಮುಖ ನೋಡಲು ನನಗೆ ಮನಸ್ಸಾಗಲಿಲ್ಲ.

ಅವನು ಮುಂದಿನ ಬಾಗಿಲು ತೆರೆದ. "ಇಲ್ಲಿ ಕೂತ್ಕೊಳ್ಳಿ, ಮಿಸೆಸ್ ಕೋಲ್‌ಬರ್ನ್" ಎಂದ. ಅಮ್ಮ ಏನೂ ಆಗದವಳಂತೆ ಬಂದು ತನ್ನ ಹಳೆಯ ಜಾಗದಲ್ಲಿ ಕೂತಳು, ಲಂಗ ಸರಿಮಾಡಿಕೊಂಡಳು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು. ಹಿಂದಿನ ಸೀಟಿಗೆ ಲೋರ್ನಾ ಬಂದಳು.

ಘಟ್ಟ ಇಳಿಯುವ ಹೊತ್ತಿಗೆ ಲೋರ್ನಾ ನಿದ್ದೆ ಹೋದಳು. ಅದನ್ನು ನಿದ್ದೆ ಎನ್ನುವುದಕ್ಕಿಂತ ಬಿದ್ದುಹೋದಳು ಎನ್ನುವುದು ಸರಿ. ತಲೆ ನನ್ನ ಭುಜದ ಮೇಲೆ, ಬಾಯಿ ತೆರೆದಿತ್ತು, ಪಟ್ಟಿ ಕಟ್ಟಿದ ಕೈ ನನ್ನ ತೊಡೆಯ ಮೇಲೆ ಅಂಗಾತ. ಅವಳ ಉಸಿರು ನಿಧಾನವಾಗುತ್ತ ಹೋಯಿತು. ನನ್ನ ಭುಜ ಮರಗಟ್ಟಿತು, ಕದಲಲಿಲ್ಲ. ಮುಂದೆ ಅಮ್ಮ ಸುಮ್ಮನೆ ಕೂತಿದ್ದಳು. ಅವಳ ಜಾಗ ಅವಳಿಗೆ ಸಿಕ್ಕಿತ್ತು, ಪಕ್ಕದಲ್ಲಿ ಒಬ್ಬ ಗಂಡಸು ಮಾತಾಡದೆ ಕಾರು ಓಡಿಸುತ್ತಿದ್ದ. ಅಷ್ಟರಿಂದ ಅವಳ ಲೋಕ ಸರಿಹೋಗಿತ್ತೋ ಏನೋ. ರಾಯ್ಸ್ ತಿರುವುಗಳನ್ನು ನೀರು ತುಂಬಿದ ಬಟ್ಟಲು ಹೊತ್ತವನಂತೆ ದಾಟಿಸಿದ. ಅವನ ಕಾರು ಓಡಿಸುವಿಕೆಯ ಬಗ್ಗೆ ನನಗೆ ಎಂದೂ ತಕರಾರಿರಲಿಲ್ಲ.

ಬೆಟ್ಟಗಳು ಹಿಂದೆ ಬಿದ್ದು ದೊಡ್ಡ ಹೆದ್ದಾರಿ ಸಿಕ್ಕಿತು. ಹೊತ್ತು ಇಳಿಯುತ್ತಿತ್ತು. ಒಂದು ಪಕ್ಕ ಪೈನ್ ಮರಗಳ ಸಾಲು, ಇನ್ನೊಂದು ಪಕ್ಕ ಜಲ್ಲಿ ತೋಡಿದ ಗುಂಡಿ, ಅದರಾಚೆ ನಿಂತ ಲಾರಿಗಳು.

"ಆಲ್ಡನ್" ಎಂದಳು ಅಮ್ಮ.

ರಾಯ್ಸ್ ರಸ್ತೆಯನ್ನೇ ನೋಡುತ್ತಿದ್ದ.

"ಆಲ್ಡನ್, ಎಲೆ ಕೆಂಪಾಗಿದಾವಾ?"

ಲೋರ್ನಾಳ ತಲೆ ನನ್ನ ಭುಜದ ಮೇಲೆ ಸ್ವಲ್ಪ ಹೊರಳಿತು. ಉಸಿರು ಒಮ್ಮೆ ತಡೆದು ಮತ್ತೆ ಹೊರಟಿತು. ನಾನು ಆದಷ್ಟು ಮೆಲ್ಲಗೆ ಮುಂದಕ್ಕೆ ಬಾಗಿ, ಕೆಂಪಾಗಿವೆ ಅಮ್ಮ ಎಂದೆ. ಕಂಡದ್ದಲ್ಲ, ಹೇಳಬೇಕಾದ್ದು ಎಂದು ಹೇಳಿದೆ. ಅವಳು ತಲೆ ಕೂಡ ತಿರುಗಿಸಲಿಲ್ಲ. ದೊಡ್ಡವರು ಮಾತಾಡುವಾಗ ನಡುವೆ ಬಾಯಿ ಹಾಕಬೇಡ ಎಂದಳು.

"ಆಲ್ಡನ್. ಕೇಳ್ತಿದೀನಲ್ಲ. ಮಾತಾಡೋ."

ದನಿ ಏರಿತ್ತು. ಆ ಏರು ನನಗೂ ಗೊತ್ತು, ರಾಯ್ಸ್‌ಗೆ ನನಗಿಂತ ಚೆನ್ನಾಗಿ ಗೊತ್ತು. ಇನ್ನೊಂದು ಸಲ ಕೇಳುತ್ತಾಳೆ, ಆಮೇಲೆ ಅಳು. ಹಿಂದಿನ ಸಂಜೆ ಅವನಿಂದ ಮೌನದ ಮಾತು ಪಡೆದಾಗ, ಮೌನದಿಂದಲೂ ಅಮ್ಮ ಅಳುತ್ತಾಳೆಂಬುದನ್ನು ನಾವು ಯಾರೂ ಯೋಚಿಸಿರಲಿಲ್ಲ. ಅವನು ಬಾಯಿ ತೆರೆದರೆ ಏನು ಬರುತ್ತದೆಂಬುದು ನನಗೆ ಗೊತ್ತಿತ್ತು. ಹನ್ನೊಂದು ವರ್ಷ, ಮಿಸೆಸ್ ಕೋಲ್‌ಬರ್ನ್. ಕನ್ನಡಿಯಲ್ಲಿ ಅವನ ದವಡೆ ಕಾಣುತ್ತಿತ್ತು. ಅದು ಒಂದು ಪಕ್ಕಕ್ಕೆ ಹೋಗಿತ್ತು.

"ಆಲ್ಡನ್! ಕೆಂಪಗಿದಾವಾ, ಇಲ್ವಾ?"

"ಕೆಂಪಗಿದಾವೆ ಕಣೇ" ಎಂದ ರಾಯ್ಸ್.

"ಎಲ್ಲಾನೂ?" ಅಮ್ಮನ ದನಿ ಇಳಿದಿತ್ತು.

"ಎಲ್ಲಾ ಅಲ್ಲ. ಆ ಎತ್ತರದಲ್ಲಿ ಇರೋವು ಕೆಂಪು. ಕೆಳಗಿನವು ಹಳದಿ." ಅವನು ಕೈ ಎತ್ತಿ ಪೈನ್ ಸಾಲಿನ ಕಡೆ ತೋರಿಸಿದ. ಅವು ವರ್ಷದ ಹನ್ನೆರಡು ತಿಂಗಳೂ ಒಂದೇ ಹಸಿರು. ಆ ಬೆಳಕಿನಲ್ಲಿ ಕಪ್ಪಗಿದ್ದವು. "ನೀರಿನ ಹತ್ತಿರ ಒಂದು ಮರ ಇದೆ, ಅದು ಇನ್ನೂ ಕೆಂಪು. ಎಲ್ಲಕ್ಕಿಂತ."

"ಹೊಳೆ ಕಾಣತ್ತಾ?"

"ಕಾಣತ್ತೆ."

ಜಲ್ಲಿಯ ಗುಂಡಿ ಹಿಂದೆ ಸರಿಯಿತು. ಅಮ್ಮ ಕೈಚೀಲದ ಮೇಲೆ ಕೈ ಮಡಿಸಿಕೊಂಡು ಆ ಕಡೆಗೇ ಮುಖ ಮಾಡಿ ಕೂತಳು. ಸ್ವಲ್ಪ ಹೊತ್ತಾದ ಮೇಲೆ, ಚಳಿಯಾಗುತ್ತಿದೆ, ಹಿಂದೆ ಮಕ್ಕಳು ಮಲಗಿದ್ದಾವಾ ಎಂದು ಕೇಳಿದಳು.

ರಾಯ್ಸ್ ಕನ್ನಡಿಯನ್ನು ನೋಡಿದ. ನಾನು ಕಣ್ಣು ತೆರೆದುಕೊಂಡು ನೇರವಾಗಿ ಅವನನ್ನೇ ನೋಡುತ್ತಿದ್ದೆ.

"ಎರಡೂ ಮಲಗಿದಾವೆ" ಎಂದ. "ನೀನೂ ಮಲಕ್ಕೋ."